ಪರದೆಯ ಮೇಲಿನ 5ಜಿ ಗುರುತೇ ಸೇವೆಯಲ್ಲ

ಮಾನ್ಯ ಸಂಪಾದಕರೇ,

ದೇಶದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಅಲ್ಲಿಂದ ಈಚೆಗೆ ಈ ಮಾರುಕಟ್ಟೆ ಬೆಳೆದ ವೇಗವನ್ನು ಯಾರೂ ಅಲ್ಲಗಳೆಯಲಾರರು. 2010ರಲ್ಲಿ 3ಜಿ ತರಂಗಾಂತರಕ್ಕೆ 67 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ತೆತ್ತ ಕಂಪನಿಗಳು ಆ ಸೇವೆಯನ್ನು ಜನರಿಗೆ ತಲುಪಿಸಲು ಪಟ್ಟ ಪಾಡನ್ನು ಕಂಡವರಿಗಂತೂ ಇದು ಅಚ್ಚರಿಯ ಸಂಗತಿಯೇ ಸರಿ. ಆದರೆ ಈ ಬೆಳವಣಿಗೆಯನ್ನು ಅಳೆಯುತ್ತಿರುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಎಷ್ಟು ಜಿಲ್ಲೆಗಳಿಗೆ 5ಜಿ ಬಂತು, ಎಷ್ಟು ಕೋಟಿ ಚಂದಾದಾರರು ಸೇರಿದರು ಎಂಬ ಅಂಕಿ ಅಂಶಗಳು ಮೇಲಿಂದ ಮೇಲೆ ಪ್ರಕಟವಾಗುತ್ತವೆ; ದುಡ್ಡು ಕೊಟ್ಟವರ ಫೋನಿಗೆ ಆ ಸೇವೆ ದಿನದಲ್ಲಿ ಎಷ್ಟು ಹೊತ್ತು ನಿಜವಾಗಿ ದಕ್ಕಿತು ಎಂಬ ಲೆಕ್ಕ ಮಾತ್ರ ಸಾಮಾನ್ಯ ಗ್ರಾಹಕರ ಕಣ್ಣಿಗೆ ಬೀಳುವುದೇ ಇಲ್ಲ.

ಕಳೆದ ತಿಂಗಳು ಔಷಧಿ ಅಂಗಡಿಯೊಂದರಲ್ಲಿ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಹೋಗುವುದನ್ನೇ ಕಾಯುತ್ತ ನಿಂತಿದ್ದೆ. ಫೋನಿನಲ್ಲಿ 5ಜಿ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು, ಚಕ್ರ ಮಾತ್ರ ಸುತ್ತುತ್ತಲೇ ಇತ್ತು. ನನ್ನ ಹಿಂದೆ ನಾಲ್ಕು ಮಂದಿ ಕಾದಿದ್ದರು. ಅವರಲ್ಲೊಬ್ಬರ ಹೆಗಲ ಮೇಲೆ ಜ್ವರ ಬಂದ ಮಗು ಮಲಗಿತ್ತು. ಕೊನೆಗೆ ಅಂಗಡಿಯವರೇ, ‘ಫೋನನ್ನ 4ಜಿಗೆ ಹಾಕಿ ನೋಡಿ ಸಾರ್, ಇಲ್ಲಿ ಎಲ್ಲರಿಗೂ ಹೀಗೇ ಆಗುತ್ತೆ’ ಎಂದರು. ಸೆಟ್ಟಿಂಗ್ಸ್ ತೆರೆದು ಹಾಗೆ ಮಾಡಿದ ಅರೆಕ್ಷಣದಲ್ಲಿ ಹಣ ಸಂದಾಯವಾಯಿತು. ಹೊಸ ಪೀಳಿಗೆಯ ಸೇವೆಗೆಂದು ದುಡ್ಡು ಕಟ್ಟಿ, ಕೆಲಸ ಆಗಬೇಕಾದಾಗ ಅದನ್ನು ನಾವೇ ಆಫ್ ಮಾಡಿಕೊಳ್ಳಬೇಕಾದ ಸ್ಥಿತಿ ಇದು.

ಇದಕ್ಕೆ ತಾಂತ್ರಿಕ ಕಾರಣಗಳಿವೆ. 5ಜಿ ಜಾಲವನ್ನು ಕಟ್ಟುವ ಎರಡು ವಿಧಾನಗಳಲ್ಲಿ ಒಂದು, ಈಗಾಗಲೇ ಇರುವ 4ಜಿ ಜಾಲದ ಆಸರೆಯಲ್ಲಿಯೇ ನಡೆಯುವಂಥದ್ದು. ಈ ವಿಧಾನದಲ್ಲಿ, ‘ಇಲ್ಲಿ 5ಜಿ ಸೇರಿಸಿಕೊಳ್ಳಬಹುದು’ ಎಂಬ ಸೂಚನೆಯನ್ನು 4ಜಿ ಟವರ್ ಕಳುಹಿಸಿದರೆ ಸಾಕು, ಫೋನು 5ಜಿ ಎಂಬ ಗುರುತನ್ನು ತೋರಿಸಬಹುದು. ಆ ಗಳಿಗೆಯಲ್ಲಿ ಡೇಟಾ 4ಜಿಯಲ್ಲೇ ಹರಿಯುತ್ತಿದ್ದರೂ ಬಳಸುವವರಿಗೆ ಅದು ತಿಳಿಯುವುದಿಲ್ಲ. ಮೇಲಾಗಿ, ದೇಶದಲ್ಲಿ 5ಜಿಗೆ ಮುಖ್ಯವಾಗಿ ಬಳಕೆಯಾಗುತ್ತಿರುವ 3300 ಮೆಗಾಹರ್ಟ್ಸ್ ತರಂಗಾಂತರ ಹೆಚ್ಚು ಡೇಟಾ ಹೊರಬಲ್ಲದಾದರೂ ಹೆಚ್ಚು ದೂರ ಸಾಗದು, ದಪ್ಪ ಗೋಡೆಗಳನ್ನು ಸುಲಭವಾಗಿ ದಾಟದು. ದೂರ ಸಾಗುವ 700 ಮೆಗಾಹರ್ಟ್ಸ್ ತರಂಗಾಂತರವನ್ನು 2022ರ ಹರಾಜಿನಲ್ಲಿ ಕೊಂಡದ್ದು ಒಂದೇ ಕಂಪನಿ. ಟವರಿನ ಹಿಂದೆ ಆಪ್ಟಿಕಲ್ ಫೈಬರ್ ಸಂಪರ್ಕ ಇಲ್ಲದಿದ್ದರಂತೂ, ಮುಂದೆ ಎಂಥ ಆಂಟೆನಾ ಕೂರಿಸಿದರೂ ಅದರ ಪೂರ್ತಿ ಪ್ರಯೋಜನ ಸಿಗದು.

ಆ ಹರಾಜಿನಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಸಲ್ಲಿಸಿದ ಕಂಪನಿಗಳು ಹಾಕಿದ ಬಂಡವಾಳವನ್ನು ವಾಪಸು ಪಡೆಯಬಾರದೆಂದು ನಾನು ಹೇಳುತ್ತಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು. ಅದೇ ಹೊತ್ತಿಗೆ ದೊಡ್ಡ ಎರಡು ಕಂಪನಿಗಳಲ್ಲಿ ಮಿತಿಯಿಲ್ಲದ 5ಜಿ ಡೇಟಾ ಬಹುಮಟ್ಟಿಗೆ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಡೇಟಾ ಇರುವ ಪ್ಯಾಕ್‌ಗಳಿಗೆ ಸೀಮಿತವಾಯಿತು. ಅಂದರೆ 5ಜಿಗೆ ಬೇರೆ ದರ ಇಲ್ಲ ಎನ್ನುವುದು ಹೆಸರಿಗಷ್ಟೇ. ಹಾಗೆ ದುಬಾರಿ ಪ್ಯಾಕ್ ಹಾಕಿಸಿಕೊಂಡವರ ಮನೆಯೊಳಗೆ, ಕಚೇರಿಯೊಳಗೆ 5ಜಿ ಸಿಗುತ್ತದೆಯೇ ಎಂದು ರೀಚಾರ್ಜ್ ಮಾಡಿಸುವಾಗ ಯಾರೂ ಖಾತರಿ ಕೊಡುವುದಿಲ್ಲ. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರಿಂದಲೂ ದೇಶದಾದ್ಯಂತ ಇದೆ, ನಿಜ. ಆದರೆ ಒಂದು ಕಾಲಕ್ಕೆ ಹತ್ತಕ್ಕೂ ಹೆಚ್ಚು ಕಂಪನಿಗಳಿದ್ದ ಈ ಮಾರುಕಟ್ಟೆಯಲ್ಲಿ ಈಗ ಉಳಿದಿರುವುದು ಖಾಸಗಿ ವಲಯದ ಮೂರು ಮತ್ತು ತನ್ನ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್‌ನಲ್ಲಷ್ಟೇ ಲೋಕಾರ್ಪಣೆ ಮಾಡಿಸಿಕೊಂಡ ಬಿಎಸ್‌ಎನ್‌ಎಲ್. ಬದಲಿಸಿ ಹೋಗುವುದಾದರೂ ಎಲ್ಲಿಗೆ?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳಲ್ಲಿ ಎರಡು ಒಳ್ಳೆಯ ಅಂಶಗಳಿವೆ. 2ಜಿ, 3ಜಿ, 4ಜಿ, 5ಜಿ ಎಲ್ಲೆಲ್ಲಿ ಲಭ್ಯ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಜಿಲ್ಲಾ ಮಟ್ಟದಲ್ಲಿ 24 ಗಂಟೆಗೂ ಹೆಚ್ಚು ಕಾಲ ಜಾಲ ಸ್ಥಗಿತಗೊಂಡರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ವಿನಾಯಿತಿ, ಪ್ರೀಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ವಿಸ್ತರಣೆ ನೀಡಬೇಕು. ಸೇವೆ ಸಿಗದಿದ್ದರೆ ಪರಿಹಾರ ಕೊಡಬೇಕೆಂಬ ತತ್ವವನ್ನು ಹೀಗೆ ಒಪ್ಪಿಕೊಂಡ ಮೇಲೆ, ಜಾಲ ಪೂರ್ತಿ ಸ್ಥಗಿತವಾಗದೆ ತಿಂಗಳುಗಟ್ಟಲೆ ಕುಂಟುತ್ತಿರುವ ಕಡೆಗಳ ಗ್ರಾಹಕರನ್ನು ಅದರಿಂದ ಹೊರಗಿಡುವುದು ನ್ಯಾಯವಲ್ಲ. ನಕ್ಷೆಯಲ್ಲಿ ಬಣ್ಣ ಬಳಿದ ಪ್ರದೇಶದೊಳಗೇ 5ಜಿ ಕೈಕೊಡುವುದಾದರೆ, ಕಟ್ಟಡಗಳ ಒಳಗೆ ನಿಜವಾಗಿ ಅಳೆದ ವೇಗವನ್ನೂ ಆ ನಕ್ಷೆಯಲ್ಲಿ ತಾಲ್ಲೂಕುವಾರು ತೋರಿಸುವಂತೆ ಪ್ರಾಧಿಕಾರ ಆದೇಶಿಸಬೇಕು.

ಇನ್ನೊಂದು ಸಣ್ಣ ಬೇಡಿಕೆ. ನಿಧಾನಗತಿಯ ಬಗ್ಗೆ ನಾನು ಎರಡು ಬಾರಿ ಸಹಾಯವಾಣಿಗೆ ದೂರು ಕೊಟ್ಟಾಗಲೂ ಸಿಕ್ಕ ಉತ್ತರ ‘ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂಬುದಷ್ಟೇ. ಅದಾಗಿ ಕೆಲವೇ ಗಂಟೆಗಳಲ್ಲಿ ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎಂಬ ಸಂದೇಶ ಬಂತು. ದೂರು ಕೊಟ್ಟ ಜಾಗದಲ್ಲಿ 5ಜಿ ಇದೆಯೇ ಇಲ್ಲವೇ, ಇಲ್ಲದಿದ್ದರೆ ಯಾವಾಗ ಬರುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸದೆ ಯಾವ ದೂರನ್ನೂ ಮುಕ್ತಾಯಗೊಳಿಸಕೂಡದೆಂಬ ನಿಯಮವನ್ನು ಟ್ರಾಯ್ ತರಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

ಇತಿ,
ಒಬ್ಬ ಮೊಬೈಲ್ ಗ್ರಾಹಕ