ಹದಿನಾರು ಪುಟ ಹೊಲಿದುಕೊಂಡವರಿಗೆ

ಕಳೆದ ವಾರ ನನ್ನ ಕಾದಂಬರಿಯ ಮೂರನೇ, ಕೊನೆಯ ಭಾಗದ ಕಟ್ಟುಗಳು ಅಚ್ಚಾಗಿ ಮನೆಗೆ ಬಂದವು. 416 ಪುಟ. ಅಂದರೆ 16 ಪುಟಗಳ 26 ಫಾರಂ (ಒಂದು ದೊಡ್ಡ ಹಾಳೆ ಅಚ್ಚು ಹಾಕಿ ಮಡಚಿದರೆ ಒಂದು ಫಾರಂ). ಕಟ್ಟು ಬಿಚ್ಚಿದ ಕೂಡಲೇ ಕೂತು ಪುಟ ಸಂಖ್ಯೆ ನೋಡುತ್ತಾ ಹೋದೆ. ಯಾಕೆ ಅಂತ ಎರಡನೇ ಭಾಗ ಕೊಂಡವರಿಗೆ ಗೊತ್ತು. ಎಲ್ಲ ಸರಿಯಾಗಿತ್ತು. ಆಮೇಲೆ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ತಳವೂರಿನ, ನಾನು ಕಲ್ಪಿಸಿಕೊಂಡ ನೀರಿನಡಿಯ ಊರಿನ, ಕಥೆ ಮುಗಿಯಿತು.

ಈ ಕಥೆ ಶುರುವಾಗಿದ್ದು ಅಮ್ಮಮ್ಮನಿಂದ. ಅವರ ತವರುಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಮನೆ, ತೋಟ, ಗದ್ದೆ ಎಲ್ಲ ನೀರಿಗೆ ಹೋಯಿತು. ನಾನು ಚಿಕ್ಕವನಿದ್ದಾಗ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದಾಗೆಲ್ಲ ಕೇಳುತ್ತಿದ್ದೆ, ನಿಮ್ಮನೆ ಎಲ್ಲಿ ಅಂತ. ಅವರು ನೀರಿನ ಕಡೆ ಕೈ ತೋರಿಸಿ "ಅಗೋ, ಅಲ್ಲಿ" ಅನ್ನುತ್ತಿದ್ದರು. ಇತ್ತು ಅಂತ ಒಂದು ಸಲವೂ ಹೇಳಿದವರಲ್ಲ. ಬಾವಿ ಇದೆ, ಹಲಸಿನ ಮರ ಇದೆ, ಕೊಟ್ಟಿಗೆಯಲ್ಲಿ ಕೆಂಪು ದನ ಇದೆ. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದು, ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಎದ್ದು ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ನನಗೆ ಅಮ್ಮಮ್ಮ ಹೇಳಿದ್ದೆಲ್ಲ ನಿಜ ಅನ್ನಿಸಿತ್ತು. ಕೆಳಗೆ ಒಂದು ಊರು ಇನ್ನೂ ದೀಪ ಹಚ್ಚುತ್ತಿದೆ ಅನ್ನಿಸಿತ್ತು.

ಮೊದಲ ಭಾಗದ ಕರಡನ್ನು ಅವರಿಗೆ ಪೂರ್ತಿ ಓದಿ ಹೇಳಿದ್ದೆ. ಮಾಟ, ಯುದ್ಧ, ಮಾತಾಡುವ ಮೊಸಳೆ, ಯಾವುದಕ್ಕೂ ಅವರು ತಕರಾರು ತೆಗೆಯಲಿಲ್ಲ. "ಬಾವಿ ಹತ್ರ ಕಟ್ಟೆ ಇದ್ಯಲ್ಲ ಅಪ್ಪಿ, ಅದನ್ನ ಯಾಕೆ ಬಿಟ್ಟೆ?" ಅಂದರು, ಅಷ್ಟೇ. ಆ ಕಟ್ಟೆಯೇ ಮೂರನೇ ಭಾಗದಲ್ಲಿ ಕಥೆಯ ಬೀಗದ ಕೈ ಆಯಿತು. ಅದನ್ನು ಓದಿ ಹೇಳಲು ಅವರು ಉಳಿಯಲಿಲ್ಲ. ಈ ಸಾಲು ಅವರಿಗೆ.

ನಮ್ಮ ಕನ್ನಡ ಮೇಷ್ಟ್ರು ಮೂರೂ ಭಾಗದ ಕರಡು ತಿದ್ದಿದರು. ಕಣ್ಣಿನ ಆಪರೇಷನ್ ಆದ ವರ್ಷವೂ ಬಿಡಲಿಲ್ಲ. ಮೊದಲ ಕರಡಿನಲ್ಲಿ ನಾನು ಎಲ್ಲಿಂದಲೋ ತಂದ ಹೆಸರುಗಳನ್ನೇ ತುಂಬಿದ್ದೆ. "ಮಾಂತ್ರಿಕ ದಂಡ" ಅಂತ ಬರೆದಿದ್ದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದರು: "ಕೋಲು ಅನ್ನು, ಸಾಕು. ಅದು ಏನು ಮಾಡುತ್ತದೆ ಅಂತ ತೋರಿಸು." ಇನ್ನೊಂದು ಕಡೆ, ನಮ್ಮ ಊರ ಕಡೆಯ ದೈವಗಳ ಬಗ್ಗೆ: "ನಮ್ಮ ಚೌಡಿ, ಜಟಗ, ಭೂತಪ್ಪ ಎಲ್ಲಿಗೆ ಹೋದರು?" ಆ ಪ್ರಶ್ನೆಗೆ ಉತ್ತರ ಬರೆಯಲು ಒಂದು ವರ್ಷ ಹಿಡಿಯಿತು. ಕನ್ನಡದಲ್ಲಿ ಕಲ್ಪನಾಲೋಕದ ಕಥೆ ಬರೆಯಲು ಹೊರಗಿನಿಂದ ಏನೂ ಸಾಲ ತರಬೇಕಿಲ್ಲ ಅಂತ ನಾನು ಈಗ ಪೂರ್ತಿ ನಂಬುತ್ತೇನೆ. ಮೇಷ್ಟ್ರೇ, ಅದು ನೀವು ಕೊಟ್ಟ ನಂಬಿಕೆ.

ಶಿವಮೊಗ್ಗದಲ್ಲಿ ಡಿಟಿಪಿ ಮಾಡಿಕೊಟ್ಟ ಮೇಡಂಗೆ ಎಷ್ಟು ಹೇಳಿದರೂ ಕಡಿಮೆ. ನಾನು ಯೂನಿಕೋಡ್‌ನಲ್ಲಿ ಬರೆದಿದ್ದು ನುಡಿ ಫಾಂಟಿಗೆ ಬದಲಾದಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗಿದ್ದವು. ಸಾಲು ಸಾಲಾಗಿ ಕೂತು ಸರಿ ಮಾಡಿದರು. ಪುಸ್ತಕದ ಗುರುತಿಗೆ ಇರುವ ಐಎಸ್‌ಬಿಎನ್ ಸಂಖ್ಯೆಗೆ ಒಬ್ಬರು ನನ್ನ ಹತ್ತಿರ ದುಡ್ಡು ಕೇಳಿದ್ದರು. ಅದು ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ ಅಂತ ಹೇಳಿ, ಅರ್ಜಿ ತುಂಬಿಸಿದ್ದೂ ಈ ಮೇಡಂ ಅವರೇ.

ತಳವೂರಿನ ನಕ್ಷೆ ಬರೆದ ಅಕ್ಕನಿಗೆ ನಮಸ್ಕಾರ. ಅವರು ಮದುವೆ ಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವವರು. ಪುಂಡಿನಾರಿನ ಕುಂಚ, ಕೆಮ್ಮಣ್ಣು, ಅಕ್ಕಿ ಹಿಟ್ಟು. ಕಾಗದದ ಮೇಲೆ ಬರೆದಿದ್ದು ಅದೇ ಮೊದಲಂತೆ. ಪುಸ್ತಕ ತೆರೆದವರು ಮೊದಲು ಬೆರಳಿಟ್ಟು ನೋಡುವುದು ಅದನ್ನೇ.

ಈಗ ಎರಡನೇ ಭಾಗದ ವಿಷಯ. 81ರಿಂದ 96ರವರೆಗಿನ ಫಾರಂ ಎರಡು ಸಲ ಸೇರಿಕೊಂಡು, 97ರಿಂದ 112ರವರೆಗಿನ ಫಾರಂ ಬಿಟ್ಟೇ ಹೋಗಿತ್ತು. 500ರಲ್ಲಿ ಹತ್ತಿರ ಹತ್ತಿರ 200 ಪ್ರತಿ ಹೀಗಾಗಿದ್ದವು. ನನಗೆ ಗೊತ್ತಾಗುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಚೆಯಲ್ಲಿ ಹೋಗಿದ್ದವು. ಪೂರ್ತಿ ಮತ್ತೆ ಅಚ್ಚು ಹಾಕಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಇನ್ನು ಬರೆಯುವುದು ಬೇಡ ಅಂತ ನಿರ್ಧಾರ ಮಾಡಿಬಿಟ್ಟಿದ್ದೆ.

"ಆ ಒಂದು ಫಾರಂ ಮಾತ್ರ ಹಾಕಿಸಿ, ಕಳಿಸೋಣ" ಅಂದವಳು ನನ್ನ ಹೆಂಡತಿ. ಅಡುಗೆಮನೆಯ ನೆಲದ ಮೇಲೆ ಕೂತು, ಸ್ಟೀಲ್ ಸ್ಕೇಲ್ ಹಿಡಿದು ಒಂದೊಂದೇ ಫಾರಂ ಮಡಚಿದಳು. ವಿಳಾಸಗಳನ್ನೂ ಅವಳೇ ಬರೆದಳು, ನನ್ನ ಕೈಬರಹ ಯಾರಿಗೂ ಅರ್ಥವಾಗುವುದಿಲ್ಲ ಅಂತ.

ಬೈಗುಳ ಬರುತ್ತದೆ ಅಂತ ಕಾದೆ. ಬರಲಿಲ್ಲ. ಧಾರವಾಡದ ಒಬ್ಬರು ಆ 16 ಪುಟಗಳನ್ನು ಸೂಜಿ ದಾರದಲ್ಲಿ ಹೊಲಿದು ಫೋಟೋ ಕಳಿಸಿದರು. ದಾವಣಗೆರೆಯ ಒಬ್ಬ ಬೈಂಡರ್, ತಮ್ಮ ಗೆಳೆಯರ ನಾಲ್ಕು ಪ್ರತಿಗಳನ್ನು ದುಡ್ಡು ತೆಗೆದುಕೊಳ್ಳದೆ ಬಿಚ್ಚಿ ಕಟ್ಟಿಕೊಟ್ಟರು. ಮೈಸೂರಿನ ಒಬ್ಬ ತಾಯಿ, ಪೋಸ್ಟ್‌ಮ್ಯಾನ್ ಕೊಟ್ಟ ಕವರನ್ನು ಗೇಟಿನ ಹತ್ತಿರವೇ ನಿಂತು ಒಡೆದು ಓದಿದೆ ಅಂತ ಬರೆದರು. ಒಬ್ಬರೂ ದುಡ್ಡು ವಾಪಸ್ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ: ಮೂರನೆಯದು ಯಾವಾಗ? ಅವತ್ತು ನೀವು ಕೇಳದೇ ಇದ್ದಿದ್ದರೆ ಅದು ಇರುತ್ತಿರಲಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು ಅಂತ ಓದಿದ್ದೆ. 2023ರ ಸಾಗರದ ಮಾರಿಕಾಂಬಾ ಜಾತ್ರೆಗೆ ಎರಡು ಚೀಲ ಹೊತ್ತು ಹೋದಾಗ ಅವರನ್ನೇ ನೆನೆಸಿಕೊಂಡಿದ್ದೆ. ಅಲ್ಲಿ ತನ್ನ ಅಂಗಡಿಯ ಮೂಲೆಯಲ್ಲಿ ಜಾಗ ಬಿಟ್ಟುಕೊಟ್ಟ ಬಳೆ ಅಂಗಡಿಯ ಅಣ್ಣ, ಬಳೆ ಕೊಳ್ಳಲು ಬಂದವರಿಗೆಲ್ಲ "ನಮ್ಮೂರಿನ ಕಥೆ, ಓದಿ" ಅಂತ ಹೇಳುತ್ತಿದ್ದರು. ಅಣ್ಣಾ, ಮುಂದಿನ ಜಾತ್ರೆಗೂ ಬರುತ್ತೇನೆ. ಈ ಸಲ ಮೂರು ಚೀಲ.

ಹಿನ್ನೀರಿನ ಆಚೆ ದಡದ ತುಮರಿಯ ಕಡೆಯ ಒಬ್ಬ ಹುಡುಗಿ, ಎಂಟನೇ ಕ್ಲಾಸಿನವಳು, ಎರಡನೇ ಭಾಗ ಓದಿ ಕಾಗದ ಬರೆದಿದ್ದಳು. ಕೆಳಗೆ ಉಳಿದ ಅಜ್ಜಿ ಮೇಲೆ ಬರುತ್ತಾಳಾ ಅಂತ. ಮೊದಲ ಪ್ರತಿ ಅವಳಿಗೇ ಅಂತ ಮಾತು ಕೊಟ್ಟಿದ್ದೆ. ಮೊನ್ನೆ ಕೊಡಲು ಹೋದೆ. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆದಿದೆ, ಈಗ ಲಾಂಚ್ ಕಾಯಬೇಕಿಲ್ಲ. ನಡುವೆ ಗಾಡಿ ನಿಲ್ಲಿಸಿ, ಅಮ್ಮಮ್ಮ ಕೈ ತೋರಿಸುತ್ತಿದ್ದ ಕಡೆ ಸ್ವಲ್ಪ ಹೊತ್ತು ನೋಡಿದೆ.

ಪುಸ್ತಕ ಕೈಗೆ ಕೊಟ್ಟ ಕೂಡಲೇ ಅವಳು ಕೊನೆಯ ಪುಟ ತೆಗೆದಳು. ಬೇಡ, ಮೊದಲಿಂದ ಓದು ಅಂದೆ. ಕೇಳಲಿಲ್ಲ. ಓದಿ ಮುಗಿಸಿ, ಪುಸ್ತಕ ಎದೆಗೆ ಒತ್ತಿಕೊಂಡು ಒಳಗೆ ಓಡಿದಳು, ಅವರ ಅಜ್ಜಿಗೆ ಹೇಳಲು.