ಬೇವಿನ ಫಲಕದಲ್ಲಿ ಹೆಸರು ಸರಿಯಾಗಿರಲಿ

ಮಾನ್ಯರೇ,

ಉದ್ಯಾನದ ಮರಗಳಿಗೆ ವೈಜ್ಞಾನಿಕ ಹೆಸರಿನ ಫಲಕ ಹಾಕುವುದು ಒಳ್ಳೆಯ ಕೆಲಸ. ಆದರೆ ಬರೆಯುವವರು ಕ್ರಮ ಪಾಲಿಸುವುದು ಕಡಿಮೆ. ರೋಮನ್ ಲಿಪಿಯಲ್ಲಿ ಮೊದಲ ಪದವಾದ ಕುಲನಾಮದ ಮೊದಲಕ್ಷರ ಮಾತ್ರ ದೊಡ್ಡದು, ಎರಡನೆಯ ಪದವಾದ ಪ್ರಭೇದನಾಮ ಪೂರ್ತಿ ಸಣ್ಣಕ್ಷರ, ಎರಡೂ ಓರೆ. ಕೈಬರಹವಾದರೆ ಒಂದೊಂದಕ್ಕೂ ಬೇರೆ ಅಡಿಗೆರೆ.

ಬೇವು, ಹೆಬ್ಬೇವು, ಕರಿಬೇವು ಕೇಳಲು ಅಣ್ಣತಮ್ಮಂದಿರಂತಿವೆ. ಮೊದಲೆರಡು ಮೀಲಿಯೇಸಿ ಕುಟುಂಬದವು. ಕರಿಬೇವು ಮಾತ್ರ ನಿಂಬೆ, ಬಿಲ್ವದ ಜೊತೆ ರುಟೇಸಿಗೆ ಸೇರಿದ್ದು. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಗ್ರಂಥಿಗಳ ಸೂಜಿಮೊನೆಯಷ್ಟು ಚುಕ್ಕೆಗಳು ಕಾಣುತ್ತವೆ.

ಬೇವಿಗೆ 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಮೀಲಿಯ ಅಜಾಡಿರಾಕ್ಟ. 1830ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಜ್ಯೂಸ್ಯೂ ಅದನ್ನು ಬೇರೆ ಕುಲಕ್ಕೆ ಒಯ್ದು ಅಜಾಡಿರಾಕ್ಟ ಇಂಡಿಕ ಎಂದರು. ಹಳೆಯ ಪ್ರಭೇದನಾಮವನ್ನೇ ಉಳಿಸಿದರೆ 'ಅಜಾಡಿರಾಕ್ಟ ಅಜಾಡಿರಾಕ್ಟ' ಆಗುತ್ತದೆ. ಕುಲಕ್ಕೂ ಪ್ರಭೇದಕ್ಕೂ ಒಂದೇ ಪದವಿರುವುದನ್ನು ಸಸ್ಯಗಳ ನಾಮಕರಣ ಸಂಹಿತೆ ಒಪ್ಪದು. ಪ್ರಾಣಿಗಳಲ್ಲಿ ಅಡ್ಡಿಯಿಲ್ಲ, ನಾಗರಹಾವು ನಾಜ ನಾಜ ಆಗಿಯೇ ಇದೆ!

ಫಲಕದಲ್ಲಿ ಹಳೆಯ ಹೆಸರು ಉಳಿದರೆ ಇನ್ನೊಂದು ತೊಡಕಿದೆ. ಅದನ್ನೇ ಹೋಲುವ ಮೀಲಿಯ ಅಜೆಡರಾಕ್ ಎಂಬುದು ಹುಚ್ಚುಬೇವು, ಬೇರೆಯೇ ಮರ. ಬೇವಿನ ಎಲೆ ಒಂದೇ ಸಲ ಕವಲೊಡೆದ ಗರಿ, ಹುಚ್ಚುಬೇವಿನದು ಎರಡು ಮೂರು ಸಲ. ಫಲಕ ಬರೆಸುವ ಮುನ್ನ ಎಲೆ ನೋಡಿ.

— ಸಸ್ಯಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ