ರಿವಾಲ್ವರ್ ಬೆಲೆ ಹಾಕ್ತೀರಿ, ಸ್ಥಿತಿ ಯಾಕೆ ಹಾಕಲ್ಲ?

ಸಂಪಾದಕರೇ,

ಅಮೆರಿಕದ ಹರಾಜಿನಲ್ಲಿ ಸೈನ್ಯದ ಹಳೇ ರಿವಾಲ್ವರ್ ಒಂದು ಭಾರೀ ಬೆಲೆಗೆ ಹೋಯ್ತು ಅಂತ ಆಗಾಗ ಸುದ್ದಿ ಬರುತ್ತದೆ. ಬೆಲೆ ದಪ್ಪ ಅಕ್ಷರದಲ್ಲಿರುತ್ತದೆ. ಅದು ಯಾವ ಸ್ಥಿತಿಯಲ್ಲಿತ್ತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ನಾನಿರೋದು ಟೆಕ್ಸಾಸ್‌ನಲ್ಲಿ, ಬಂದೂಕು ಮಾರೋ ಸಂತೆಗಳಲ್ಲಿ, ಅಂದರೆ ಗನ್ ಶೋಗಳಲ್ಲಿ, ಸುತ್ತೋ ಹುಚ್ಚು ಬೇರೆ ಇದೆ, ಅದಕ್ಕೇ ಈ ಪತ್ರ.

ಇಲ್ಲಿನ ಬೆಲೆ ಪುಸ್ತಕಗಳಲ್ಲಿ ಒಂದೊಂದು ಮಾಡೆಲ್‌ಗೂ ಒಂದು ಸಾಲು, ಒಂದೊಂದು ಸ್ಥಿತಿಗೂ ಒಂದು ಕಾಲಂ. ಕೆಲವದರಲ್ಲಿ ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್ ಅಂತ ಇರುತ್ತದೆ. ಇನ್ನು ಕೆಲವದರಲ್ಲಿ ಫ್ಯಾಕ್ಟರಿಯಲ್ಲಿ ಕೊಟ್ಟ ಬಣ್ಣ ಶೇ 98 ಉಳಿದಿದೆಯೋ, 95ಓ, 90ಓ ಅನ್ನೋ ಲೆಕ್ಕ. ಸೈನಿಕರು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ ವಸ್ತು ಇದು, ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ನಳಿಗೆಯ ತುದಿಯ ಬಣ್ಣ ಹೋಗಿಯೇ ಇರುತ್ತದೆ, ಹಾಗಾಗಿ ಬಣ್ಣ ಉಳಿದದ್ದು ಸಿಕ್ಕೋದೇ ಅಪರೂಪ. ಕೊನೆಯ ಆ ಮೂರ್ನಾಲ್ಕು ಪರ್ಸೆಂಟಿಗೇ ಬೆಲೆ ಹಾರೋದು ಅದಕ್ಕೆ.

ಇನ್ನೊಂದು ತಕರಾರು ಇದೆ. ಇಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎರಡು ಅಳತೆ ಮಾಡಿಟ್ಟಿದೆ, ಹೊಸ ಕಾಲದ್ದಕ್ಕೆ ಒಂದು, ಹಳೇ ಕಾಲದ್ದಕ್ಕೆ ಒಂದು. ಹೊಸದಕ್ಕೆ ವೆರಿ ಗುಡ್ ಅನ್ನಬೇಕಾದರೆ ತುಕ್ಕು, ಗುಳಿ ಏನೂ ಇರಬಾರದು. ಹಳೇದರಲ್ಲಿ ಮೂಲ ಬಣ್ಣ ಶೇ 30ರಿಂದ ಸೊನ್ನೆಗೆ ಇಳಿದಿದ್ದರೂ ವೆರಿ ಗುಡ್ಡೇ, ಭಾಗಗಳೆಲ್ಲ ಮೂಲದ್ದಾಗಿದ್ದು, ಲೋಹ ನುಣುಪಾಗಿ, ಅಂಚು ಚೂಪಾಗಿ, ಅಕ್ಷರ ಸ್ಪಷ್ಟವಾಗಿ ಉಳಿದಿದ್ದರೆ! ಮಾರುವವನು ಯಾವ ಅಳತೆ ಹೇಳ್ತಿದ್ದಾನೆ ಅಂತ ಕೇಳದೆ ಪುಸ್ತಕ ತೆರೆದರೆ ಸುಮ್ನೆ ಜಗಳ.

ಹೆಚ್ಚು ಜನ ಕೆಡೋದು ಹೊಳಪಿಗೆ. ಪಾಲಿಶ್ ಮಾಡಿ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ಕೊಡೋ ನೀಲಿಗಪ್ಪು ಬಣ್ಣ) ಹಾಕಿಸಿದ್ದು ಮೇಜಿನ ಮೇಲೆ ಫಳಫಳ ಅನ್ನುತ್ತದೆ. ಹತ್ತಿರ ಹಿಡಿದು ನೋಡಿ: ಚೂಪಾಗಿರಬೇಕಾದ ಅಂಚುಗಳು ದುಂಡಗಾಗಿರುತ್ತವೆ, ಕೊರೆದ ಅಕ್ಷರ ಸವೆದು ಹರಡಿದಂತಿರುತ್ತದೆ, ಸ್ಕ್ರೂ ತೂತಿನ ಸುತ್ತ ಲೋಹ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ, ಯಾರೂ ಕೈ ಹಾಕದ ರಿವಾಲ್ವರ್‌ಗೆ ಇದಕ್ಕಿಂತ ಜಾಸ್ತಿ ದುಡ್ಡು. ರಷ್ಯದ 1895ರ ನಗಾಂಟ್ ರಿವಾಲ್ವರ್‌ಗಳದ್ದೂ ಇದೇ ಕತೆ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಸರ್ಕಾರವೇ ರಿಪೇರಿ ಮಾಡಿಸಿ, ಹೊಸ ಬಣ್ಣ ಹೊಡೆಸಿ ಉಗ್ರಾಣದಲ್ಲಿಟ್ಟ ರಾಶಿಯಿಂದ ಬಂದವು ಬಹಳ. ಹೊಸದರಂತೆ ಕಂಡರೂ ಅವು ಎಕ್ಸಲೆಂಟ್ ಕಾಲಂಗೆ ಸೇರಲ್ಲ. ಜೊತೆಗೆ ಅಮೆರಿಕದ 1968ರ ಬಂದೂಕು ಕಾನೂನಿನ ಪ್ರಕಾರ ಆಮದು ಮಾಡಿದವರು ಹೊಡೆಯಬೇಕಾದ ಮುದ್ರೆ ಇದ್ದರೆ ಬೆಲೆ ಇನ್ನೂ ಇಳಿಯುತ್ತದೆ.

1915ರ ಬ್ರಿಟಿಷ್ ವೆಬ್ಲಿ ಮಾರ್ಕ್ 6 ಕೈಗೆ ಸಿಕ್ಕರೆ ಮೊದಲು ಗುಂಡು ತುಂಬೋ ಸಿಲಿಂಡರ್‌ನ ಹಿಂಭಾಗ ನೋಡಿ. ಅದರ .455 ಗುಂಡು ಇಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ ಅಂತ ಅಮೆರಿಕದ ಪಿಸ್ತೂಲಿನ ಗುಂಡಾದ .45 ಎಸಿಪಿ ಹಾಕೋಕೆ ಎಷ್ಟೋ ಸಿಲಿಂಡರ್‌ಗಳನ್ನು ಹೆರೆದುಬಿಟ್ಟರು. ಬಣ್ಣ ಎಷ್ಟೇ ಚೆನ್ನಾಗಿರಲಿ, ಹೆರೆದದ್ದಕ್ಕೆ ಬೆಲೆ ಕಮ್ಮಿ. ಅದರಲ್ಲಿ ಆ ಗುಂಡು ಹಾರಿಸೋದೂ ಅಪಾಯ, ಒತ್ತಡ ಜಾಸ್ತಿ.

ಪುಸ್ತಕದ ಕಾಲಂ ಪೂರ್ತಿ ಕೈಕೊಡೋದು ಅಮೆರಿಕದ ಸೈನ್ಯದ ಹಳೇ ರಿವಾಲ್ವರ್ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯ ವಿಷಯದಲ್ಲಿ. ಭಾಗಗಳ ಮೇಲೆ ಕೊರೆದ ನಂಬರ್‌ಗಳೆಲ್ಲ ಒಂದೇ ಇರಬೇಕು ಅನ್ನೋದು ಸಾಮಾನ್ಯ ನಿಯಮ ಅಲ್ವಾ? ಆದರೆ ಏಳೂವರೆ ಇಂಚಿನ ನಳಿಗೆಯನ್ನು ಐದೂವರೆಗೆ ಇಳಿಸಿದ ಆರ್ಟಿಲರಿ ಮಾಡೆಲ್‌ಗಳನ್ನು ಜೋಡಿಸುವಾಗ ಭಾಗಗಳು ಬೆರೆತುಹೋದವು. ಅಲ್ಲಿ ನಂಬರ್ ಬೇರೆ ಬೇರೆ ಇರೋದೇ ಸಹಜ. ಇನ್ನು ಅಮೆರಿಕದ ಸೈನ್ಯ ಮೂಲನಿವಾಸಿಗಳಿಗೆ ಸೋತ 1876ರ ಲಿಟಲ್ ಬಿಗ್‌ಹಾರ್ನ್ ಕಾಳಗದ ಕಾಲದ್ದು, ಸೈನ್ಯಕ್ಕಾಗಿ ಪರೀಕ್ಷೆ ಮಾಡುತ್ತಿದ್ದ ಐನ್ಸ್‌ವರ್ತ್ ಅನ್ನೋ ಇನ್‌ಸ್ಪೆಕ್ಟರ್‌ನ ಅಸಲಿ ಮುದ್ರೆ ಇದ್ದದ್ದಾದರೆ, ಸವೆದು ಬೋಳಾಗಿದ್ದರೂ ಜನ ಮುಗಿಬೀಳುತ್ತಾರೆ. ಅದಕ್ಕೇ ನಕಲಿ ಮುದ್ರೆಯೂ ಇದೆ.

ನಮ್ಮೂರ ಕಡೆ ಈ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಅಜ್ಜನ ರಿವಾಲ್ವರ್‌ಗೆ ಲೆಕ್ಕ ಹಾಕುವವರಿದ್ದಾರೆ. ಅದು ಇಲ್ಲಿನ ಸಂತೆಯ ಬೆಲೆ, ಲೈಸೆನ್ಸ್ ಇದ್ದವರಿಗೆ ಮಾತ್ರ ಮಾರಬಹುದಾದ ಭಾರತಕ್ಕೆ ಹೊಂದಲ್ಲ. ಆ ಆಸೆಗೆ ಉಪ್ಪುಕಾಗದ ಹಿಡಿದು ಉಜ್ಜೋಕಂತೂ ಹೋಗಬೇಡಿ.

ಮುಂದೆ ಇಂಥ ಸುದ್ದಿ ಹಾಕುವಾಗ ಹರಾಜಿನ ಕ್ಯಾಟಲಾಗ್‌ನಲ್ಲಿ ಸ್ಥಿತಿಯ ಬಗ್ಗೆ ಏನು ಬರೆದಿದ್ದಾರೋ ಅದನ್ನೂ ಒಂದು ಸಾಲು ಸೇರಿಸಿ.

— ಟೆಕ್ಸಾಸ್‌ನಿಂದ ಒಬ್ಬ ಓದುಗ